ಬಿಜಾಪುರ ನೋಡುವ ತನಕ

ನನ್ನ ಮೇಜಿನ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಬೆಲ್ಲದ ಹೆಂಟೆಯೊಂದು ಕೂತಿದೆ. ಈ ಹಂಗಾಮಿನ ಮೊದಲ ಬೆಲ್ಲ. ಕಾಗದಕ್ಕೆ ಜಿಡ್ಡು ಹತ್ತಿ ಆಚೆ ಬದಿಯ ಅಕ್ಷರಗಳು ಉಲ್ಟಾ ಆಗಿ ಈಚೆ ಕಾಣುತ್ತಿವೆ. ಸುಟ್ಟ ಕಬ್ಬಿನ ಸಿಪ್ಪೆ, ಸುಣ್ಣ, ಹೊಗೆ ಎಲ್ಲ ಸೇರಿದ ಅದರ ವಾಸನೆ ಬೆಳಗಿನಿಂದ ನನ್ನ ಫೋಟೊ ಸ್ಟುಡಿಯೊ ತುಂಬಿಕೊಂಡಿದೆ. ಬೆಲ್ಲದ ವಾಸನೆ ಅಂದರೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಜಗಳ. ಅದೂ ಬಿಜಾಪುರದ ಕೋಟೆಯ ಬುರುಜಿನ ಮೇಲೆ, ಹೊತ್ತು ಮುಳುಗುವ ವೇಳೆಗೆ, ಒಂದು ಫಿರಂಗಿ ತೋಪಿನ ಪಕ್ಕದಲ್ಲಿ ನಡೆದ ಜಗಳ.

ಬೆಲ್ಲ ತಂದುಕೊಟ್ಟವನು ನನ್ನ ಕಾಕಾನ ಮಗ ಬಾಬು. ಪೂರ್ತಿ ಹೆಸರು ಬಾಹುಬಲಿ. ಆದರೆ ಅವನ ಮೈಕಟ್ಟು ನೋಡಿದ ಯಾರಿಗೂ ಪೂರ್ತಿ ಹೆಸರು ಹಿಡಿದು ಕರೆಯುವ ಮನಸ್ಸಾಗಿಲ್ಲ. ಮುಗಳಖೋಡದಿಂದ ರಾಯಬಾಗಕ್ಕೆ ಬೆಳಗಿನ ಬಸ್ಸಿಗೇ ಬಂದಿದ್ದ. ಅವನ ತಾಯಿಗೆ, ಅಂದರೆ ನನ್ನ ಸುಮತಿ ಕಾಕುಗೆ, ಬರುವ ತಿಂಗಳು ಎಪ್ಪತ್ತು ತುಂಬುತ್ತದೆ. ಮನೆಯವರೆಲ್ಲ ಸೇರಿ ಸತ್ಕಾರ ಮಾಡುವುದು, ಅವತ್ತೊಂದು ಸಣ್ಣ ಪುಸ್ತಕ ಹಂಚುವುದು ಎಂದು ನಿಶ್ಚಯವಾಗಿದೆ.

"ಅಣ್ಣಾ, ಎರಡ ಪುಟ ಸಾಕು," ಅಂದ ಬಾಬು. "ಅವ್ವ ಮೂವತ್ತೆಂಟ ವರ್ಷ ಬೆಲ್ಲ ತ್ಯಾಗ ಮಾಡಿದ್ಲು, ಬಿಜಾಪುರದಾಗ ಪಾರ್ಶ್ವನಾಥ ಸ್ವಾಮಿ ದರ್ಶನ ಆದ ಮ್ಯಾಲ ನಿಯಮ ಪೂರ್ಣ ಮಾಡಿದ್ಲು. ಇಷ್ಟ ಬರಿ. ಮತ್ತ ಆ ಫೋಟೊ ಕೊಡು."

ಯಾವ ಫೋಟೊ ಅಂತ ನಾನು ಕೇಳಲಿಲ್ಲ. ಅದು ನನ್ನ ಬೆನ್ನಹಿಂದಿನ ಗೋಡೆಯ ಮೇಲೆಯೇ ಇದೆ. ಸಂಜೆಯ ಬೆಳಕು, ಹಿಂದೆ ಕರಿಯ ತೋಪು, ಟೋಪಿ ಹಾಕಿಕೊಂಡ ಕಾಕಾ ಬೆಲ್ಲದ ತುಣುಕು ಹಿಡಿದು ಕೈ ಚಾಚಿದ್ದಾನೆ, ಕಾಕುವಿನ ತುಟಿ ಆಗಷ್ಟೇ ತೆರೆದಿವೆ. ನೋಡಿದವರಿಗೆ ಯಾವ ಸಂಶಯವೂ ಬರುವುದಿಲ್ಲ, ಇನ್ನೇನು ಬೆಲ್ಲ ಬಾಯಿಗೆ ಹೋಗಬೇಕು. ಮೂವತ್ತು ವರ್ಷ ಲಗ್ನದ ಫೋಟೊ ತೆಗೆದವನು ನಾನು. ಇಷ್ಟು ಚೆಂದದ ಚಿತ್ರ ಇನ್ನೊಂದು ತೆಗೆದಿಲ್ಲ. ಇಷ್ಟು ದೊಡ್ಡ ಸುಳ್ಳು ಹೇಳುವ ಚಿತ್ರವನ್ನೂ ತೆಗೆದಿಲ್ಲ.

"ಹಂಗ ಬರಿಯೂದಿಲ್ಲ," ಅಂದೆ.

"ಯಾಕ?"

"ಹಂಗ ಆಗಿಲ್ಲ, ಅದಕ್ಕ."

ಬಾಬು ಎದ್ದು ನಿಂತ. "ಮಂದಿ ನಗ್ತಾರ ಅಣ್ಣಾ," ಅಂದ. "ಅವ್ವಗ ನಗ್ತಾರ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಬೆಲ್ಲವನ್ನು ಮೇಜಿನ ಮೇಲೆಯೇ ಬಿಟ್ಟು ಹೋದ. ಅವನು ಕೆಟ್ಟವನಲ್ಲ. ತಾಯಿಯನ್ನು ಒಂದು ಚೊಕ್ಕ ಚೌಕಟ್ಟಿನಲ್ಲಿ ಕೂಡಿಸಬೇಕು ಅನ್ನುವ ಆಸೆ, ಅಷ್ಟೇ. ಚೌಕಟ್ಟು ಹಾಕಿಕೊಡುವುದೇ ನನ್ನ ಉದ್ಯೋಗ. ಅವನಿಗೆ ಬುದ್ಧಿ ಹೇಳಲು ನನಗೆಲ್ಲಿದೆ ಮುಖ? ಆದರೂ ಈ ಒಂದಕ್ಕೆ ನಾನು ಒಪ್ಪುವುದಿಲ್ಲ. ಎರಡು ಪುಟ ಕೇಳಿದ್ದಾನೆ. ಎಷ್ಟಾಗುತ್ತದೋ ಅಷ್ಟು ಬರೆಯುತ್ತೇನೆ. ಹಾಕುವುದು ಬಿಡುವುದು ಅವನಿಗೆ ಸೇರಿದ್ದು.

ಕಾಕುವಿನ ತವರು ಕಬ್ಬೂರ. ಹದಿನೆಂಟಕ್ಕೆ ಲಗ್ನವಾಗಿ ಮುಗಳಖೋಡಕ್ಕೆ ಬಂದಳು. ನಮ್ಮದು ಕಬ್ಬಿನ ಮನೆ. ಹೊಲದಲ್ಲೇ ಬೆಲ್ಲದ ಗಾಣ. ಸುತ್ತಲಿನವರೆಲ್ಲ ಕಬ್ಬನ್ನು ಕಾರ್ಖಾನೆಗೆ ಸಾಗಿಸತೊಡಗಿದ ಮೇಲೂ ಕಾಕಾ ಗಾಣ ಬಿಡಲಿಲ್ಲ. ಬಿಡದಿರಲು ಅರ್ಧ ಕಾರಣ ಕಾಕು. ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ಅದನ್ನು ಯಾವ ಗಳಿಗೆಗೆ ಇಳಿಸಬೇಕು ಎಂಬುದು ಅವಳಷ್ಟು ಸರಿಯಾಗಿ ಆ ಸೀಮೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಉರಿ ಕಡಿಮೆಯಾದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ಒಂದು ಉರಿ ಹೆಚ್ಚಾದರೆ ಕರ್ರಗಾಗಿ ಕಹಿಯಾಗುತ್ತದೆ. ಗಾಣದವರು ಕೂಗುವರು: "ಕಾಕೂ, ಆತೇನ್ರಿ?" ಇವಳು ಬಂದು, ಗುಳ್ಳೆಗಳನ್ನು ನೋಡಿ, ಒಂದು ಹನಿಯನ್ನು ನೀರಿಗೆ ಬಿಟ್ಟು, ಅದನ್ನು ಬೆರಳಲ್ಲಿ ಹೊರಳಿಸಿ ಹೇಳುವಳು: "ಇನ್ನೊಂದೀಟು." ಆಮೇಲೆ: "ಹೂಂ, ಇಳಸ್ರಿ." ಆ ಬೆರಳನ್ನು ಎಂದೂ ಬಾಯಿಗೆ ಇಟ್ಟವಳಲ್ಲ. ಸೆರಗಿಗೆ ಒರೆಸಿಕೊಂಡು ಹೋಗಿಬಿಡುವಳು. ಯಾಕಂದರೆ ಅವಳು ಬೆಲ್ಲ ಬಿಟ್ಟಿದ್ದಳು.

ಬಿಟ್ಟದ್ದು ಹೇಗೆ ಅನ್ನುವುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಊರಿಂದೂರಿಗೆ ಕಾಲ್ನಡಿಗೆಯ ವಿಹಾರದಲ್ಲಿದ್ದ ಒಬ್ಬ ಮುನಿಮಹಾರಾಜರು ಊರ ಬಸದಿಯಲ್ಲಿ ನಾಲ್ಕು ದಿನ ತಂಗಿದ್ದರು. ಪ್ರವಚನ ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಎದ್ದು ನಿಯಮ ತೆಗೆದುಕೊಳ್ಳುವುದು ನಮ್ಮಲ್ಲಿ ರೂಢಿ. ಇಂಥದ್ದನ್ನು ಇಷ್ಟು ದಿನ ತ್ಯಾಗ ಮಾಡುತ್ತೇನೆ ಅನ್ನುವುದು, ಮುನಿಗಳು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡುವುದು. ಅವತ್ತು ಒಬ್ಬ ಬಟಾಟೆ ಬಿಟ್ಟ. ಹುಟ್ಟಿದಾಗಿಂದ ಬದನೆಕಾಯಿ ಕಂಡರಾಗದ ಒಬ್ಬ ಬದನೆಕಾಯಿ ಬಿಟ್ಟ. ನಮ್ಮ ಅಜ್ಜ ಸಿಟ್ಟು ಬಿಟ್ಟ. ಅದು ಮಧ್ಯಾಹ್ನದ ಊಟದ ತನಕ ಬಾಳಿತು. ಆಗ ಹೆಂಗಸರ ಕಡೆಯಿಂದ, ಇಪ್ಪತ್ತಮೂರರ ಸುಮತಿ ಕಾಕು ಎದ್ದು ನಿಂತು ಹೇಳಿದಳು: "ಬಿಜಾಪುರ ನೋಡೂತನಕ ಬೆಲ್ಲ ತ್ಯಾಗ, ಮಹಾರಾಜ್." ಕಿಟಕಿಯಿಂದ ಬಂದ ಬಿಸಿಲು ಅವಳ ಹಸಿರು ಸೀರೆಯ ಅಂಚಿನ ಮೇಲೆ ಬಿದ್ದಿತ್ತು. ಪಿಂಛಿ ಮೇಲೆದ್ದಿತು.

ಇದರಲ್ಲಿ ಒಂದು ತೊಡಕಿದೆ. ಆಗ ನನಗೆ ಏಳು ವರ್ಷ. "ಅವತ್ತ ನೀ ಎಲ್ಲಿ ಬಂದಿದ್ದಿ?" ಅನ್ನುತ್ತಾಳೆ ಕಾಕು. "ಮೈ ತುಂಬ ಗುಳ್ಳಿ ಎದ್ದು ಬೇವಿನ ಸೊಪ್ಪಿನ ಮ್ಯಾಲ ಮಲಗಿದ್ದಿ. ಮತ್ತ ನನ್ನ ಕಡೆ ಹಸರು ಸೀರಿನ ಇರ್ಲಿಲ್ಲ." ಹಾಗಾದರೆ ಆ ಬಿಸಿಲನ್ನು ಎಲ್ಲಿಂದ ತಂದೆ? ಗೊತ್ತಿಲ್ಲ. ಇಷ್ಟು ಸ್ಪಷ್ಟವಾಗಿ ಕಾಣುವ ನೆನಪುಗಳ ಬಗ್ಗೆ ನನಗೆ ಅಂದಿನಿಂದ ಅನುಮಾನ. ನೀವೂ ನನ್ನ ಮಾತನ್ನು ಅಳೆದು ತೂಗಿಯೇ ತೆಗೆದುಕೊಳ್ಳಿ.

ಮನೆಯವರಿಗಂತೂ ಯಾವ ಅನುಮಾನವೂ ಬರಲಿಲ್ಲ. ಬಿಜಾಪುರದಲ್ಲಿ ಸಾವಿರ ಹೆಡೆಯ ಪಾರ್ಶ್ವನಾಥನ ಬಸದಿ ಇದೆ. ಹುಡುಗಿ ಆ ದರ್ಶನಕ್ಕಾಗಿ ಬೆಲ್ಲ ಬಿಟ್ಟಿದ್ದಾಳೆ, ಎಂಥ ಭಕ್ತಿ ಎಂದು ಊರೇ ಕೈಮುಗಿಯಿತು. ಅವಳು ಅವತ್ತೇ ಸಂಜೆ ಅತ್ತೆಗೆ ಹೇಳಿದಳಂತೆ: "ಬಸದಿಗೆ ಅಲ್ರಿ, ತೋಪ ನೋಡಾಕ." ಎಲ್ಲರೂ ನಕ್ಕರಂತೆ. ನಕ್ಕು, ಅವಳು ಹೇಳಿದ್ದನ್ನು ಮರೆತು, ತಮಗೆ ಬೇಕಾದದ್ದನ್ನು ನೆನಪಿಟ್ಟುಕೊಂಡರು.

ತೋಪಿನ ಕತೆ ಇದು. ಕಬ್ಬೂರಿನ ಶಾಲೆಯಲ್ಲಿ ಓದುವಾಗ ಅವಳ ಪಾಠದ ಪುಸ್ತಕದಲ್ಲಿ ಬಿಜಾಪುರದ ದೊಡ್ಡ ತೋಪಿನ ಚಿತ್ರವಿತ್ತು. ಆ ತೋಪಿನ ಬಾಯೊಳಗೆ ಒಬ್ಬ ಮನುಷ್ಯ ಕೂರಬಹುದು ಎಂದು ಮಾಸ್ತರರು ಹೇಳಿದ್ದರು. ಸುಮತಿ ಅದನ್ನು ನಂಬಲಿಲ್ಲ. ತಾನೇ ಕೂತು ನೋಡಬೇಕು ಅಂದುಕೊಂಡಳು. ಶಾಲೆಯ ಪ್ರವಾಸ ಬಿಜಾಪುರಕ್ಕೇ ಹೊರಟಿತು. ಅವಳ ಅಪ್ಪ ಕಳಿಸಲಿಲ್ಲ. "ಲಗ್ನಾ ಆದ ಮ್ಯಾಲ ಗಂಡ ತೋರಸ್ತಾನ," ಅಂದ. ಗಂಡ, ಅಂದರೆ ನಮ್ಮ ಅಪ್ಪಾಸಾಹೇಬ ಕಾಕಾ, ಲಗ್ನವಾದ ವಾರದಲ್ಲೇ ಒಪ್ಪಿಕೊಂಡ: "ಅದೇನ ದೊಡ್ಡ ಮಾತು! ಮುಂದಿನ ತಿಂಗಳ ಹೋಗೂಣು." ಆ ತಿಂಗಳು ಕಬ್ಬು ಕಡಿಯುವುದು ಬಂತು, ಆಮೇಲೆ ಗಾಣ ಬಂತು, ಆಮೇಲೆ ಬಾಬು ಹೊಟ್ಟೆಯಲ್ಲಿ ಬಂದ. ಐದು ವರ್ಷದಲ್ಲಿ ಕಾಕಾ ಮಾತ್ರ ಎರಡು ಸಲ ಬಿಜಾಪುರಕ್ಕೆ ಹೋಗಿಬಂದ. ಒಮ್ಮೆ ಎತ್ತು ನೋಡಲು, ಇನ್ನೊಮ್ಮೆ ಗಾಣದ ಎಂಜಿನ್ನಿನ ಸಾಮಾನಿಗೆ. ಎರಡನೆಯ ಸಲ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತು ಹೇಳಿದನಂತೆ: "ಏನೈತಿ ಅಲ್ಲಿ? ಒಂದ ಗುಮ್ಮಟ, ಒಂದ ತೋಪ. ಹೆಣ್ಮಕ್ಕಳು ನೋಡೂವಂಥಾದ್ದ ಏನಿಲ್ಲ."

ಮರುದಿನ ಬಸದಿಯಲ್ಲಿ ಕಾಕು ಎದ್ದು ನಿಂತಳು.

ಬೆಲ್ಲದ ಮನೆಯಲ್ಲಿ ಬೆಲ್ಲ ಬಿಟ್ಟು ಬದುಕುವುದೆಂದರೆ ಹೊಳೆಯಲ್ಲಿ ನಿಂತು ನೀರು ಮುಟ್ಟದಿದ್ದಂತೆ. ಹೋಳಿಗೆ, ಹುಗ್ಗಿ, ಶೇಂಗಾದುಂಡೆ ಎಲ್ಲ ತಾನೇ ಮಾಡುವಳು, ಬಡಿಸುವಳು, ತಾನು ರೊಟ್ಟಿ ತಿಂದು ಏಳುವಳು. ಕಬ್ಬಿನ ಹಾಲು ಕುಡಿದರೆ ನಿಯಮ ಮುರಿಯುತ್ತದೆಯೇ ಎಂದು ಒಮ್ಮೆ ನೆರೆಮನೆಯವರೆಲ್ಲ ಸೇರಿ ಚರ್ಚೆ ಮಾಡಿದರು. "ನಾ ಬಿಟ್ಟದ್ದ ಬೆಲ್ಲ. ಕಬ್ಬಲ್ಲ," ಅಂದು ಅವರ ಎದುರೇ ಒಂದು ಲೋಟ ಕುಡಿದಳು. ಮೂರು ತಾಸಿನ ದಾರಿ. ಬಸ್ಸು ಹತ್ತಿ ಒಬ್ಬಳೇ ಹೋಗಿ ಬರಬಾರದಿತ್ತೇ ಎಂದು ನಾನೇ ಒಮ್ಮೆ ಕೇಳಿದ್ದೆ. "ಯಾಕ ಹೋಗ್ಲಿ? ಕರಕೊಂಡ ಹೋಗ್ತೀನಿ ಅಂದಾವ್ರು ಇವ್ರು. ಇವ್ರ ಕರಕೊಂಡ ಹೋಗಬೇಕು," ಅಂದಳು. ಇದನ್ನು ಕಾಕಾನ ಮುಂದೆಯೇ ಹೇಳಿದಳು. ಕಾಕಾ ಟೋಪಿ ಸರಿಮಾಡಿಕೊಂಡು ದನ ನೋಡಲು ಹೋದ. ಕೆಲವು ವರ್ಷ ಮರೆತಂತೆ ಇದ್ದ, ಕೆಲವು ವರ್ಷ ಹಟಕ್ಕೆ ಬಿದ್ದ, ಆಮೇಲೆ ನಾಚಿಕೆಯಾಗಿ ಆ ಮಾತೇ ಎತ್ತದಾದ. ಮೂವತ್ತೆಂಟು ವರ್ಷ ಹೇಗೆ ಹೋದವು ಎಂದು ನೀವು ಕೇಳಿದರೆ, ಹೀಗೆ ಹೋದವು. ಯಾರೂ ಕೆಟ್ಟವರಾಗಬೇಕಾಗಲಿಲ್ಲ.

ಕೊನೆಗೆ ಹೊರಡಿಸಿದವರು ಡಾಕ್ಟರು. ಏಳು ವರ್ಷದ ಹಿಂದೋ ಎಂಟೋ, ಕಾಕುಗೆ ತಲೆ ತಿರುಗಿತೆಂದು ರಕ್ತ ತಪಾಸಣೆ ಮಾಡಿಸಿದರೆ, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಎಂದರು. "ಸಿಹಿ ಬಂದ್ ಮಾಡ್ರಿ. ಬೆಲ್ಲಾನೂ." ಮನೆಗೆ ಬಂದವಳೇ ಕಾಕು ಕಾಕಾನ ಎದುರು ನಿಂತಳು.

"ಡಾಕ್ಟರ್ ಬಿಡಸಿದ್ದ ಬೆಲ್ಲ ಬ್ಯಾರೆ, ನಾ ಬಿಟ್ಟದ್ದ ಬ್ಯಾರೆ. ನಂದು ಅವನ ಚೀಟ್ಯಾಗ ಹೋಗಬಾರ್ದು. ಈ ಐತ್ವಾರ ಬಿಜಾಪುರಕ್ಕ ಹೊಂಡ್ರಿ."

ಹೀಗೆ ನಾವು ನಾಲ್ಕು ಜನ ಬಾಬುವಿನ ಗಾಡಿಯಲ್ಲಿ ಹೊರಟೆವು. ಬಾಬು, ಕಾಕಾ, ಕಾಕು, ಮತ್ತು ಕ್ಯಾಮೆರಾ ಹಿಡಿದ ನಾನು. ಹೊತ್ತು ಹುಟ್ಟಿದ ಮೇಲೆ ಹೊರಟು ಹೊತ್ತು ಮುಳುಗುವುದರೊಳಗೆ ಉಣ್ಣುವುದು ಮುಗಿಯಬೇಕು. ಕಾಕು ಕತ್ತಲಾದ ಮೇಲೆ ನೀರನ್ನೂ ಮುಟ್ಟುವುದಿಲ್ಲ. ಬಟ್ಟೆಯಲ್ಲಿ ಸೋಸಿದ ನೀರಿನ ಕ್ಯಾನು, ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳು ಪಲ್ಯ. ಕಾಕಾನ ಅಂಗಿಯ ಕಿಸೆ ಉಬ್ಬಿತ್ತು. ಅದರಲ್ಲಿ ಬಿಳಿಯ ವಸ್ತ್ರದಲ್ಲಿ ಕಟ್ಟಿದ ಬೆಲ್ಲದ ತುಣುಕು. ತಮ್ಮದೇ ಗಾಣದ್ದು, ಅವಳೇ ಪಾಕ ನೋಡಿ ಇಳಿಸಿದ್ದು. ಒಂದು ತುಣುಕು ತಿಂದರೆ ಏನೂ ಆಗದು ಎಂದು ಡಾಕ್ಟರರನ್ನು ಎರಡು ಸಲ ಕೇಳಿಕೊಂಡು ಬಂದಿದ್ದ. ಕೃಷ್ಣಾ ಸೇತುವೆ ದಾಟಿ, ಅಥಣಿಯಲ್ಲಿ ಚಾ ಕುಡಿದು ಮುಂದೆ ಹೋದಂತೆ ಕಬ್ಬು ಹಿಂದೆ ಬಿದ್ದು, ಕರಿಯ ಹೊಲ, ಜೋಳ, ಅಲ್ಲಲ್ಲಿ ದ್ರಾಕ್ಷಿಯ ಚಪ್ಪರ ಬಂದವು. ಕಾಕು ಕಿಟಕಿಯ ಗಾಜಿಗೆ ಹಣೆ ಹಚ್ಚಿ ಕೂತಿದ್ದಳು. ದೂರದಲ್ಲಿ ಗುಮ್ಮಟದ ತಲೆ ಕಂಡಾಗ ಬಾಬು ಗಾಡಿಯ ವೇಗ ಇಳಿಸಿ, "ನೋಡವ್ವಾ, ಬಿಜಾಪುರ! ನೋಡಿದಿಲ್ಲ? ಝಾಲಂ, ಮುಗೀತು!" ಅಂದ. ಕಾಕು ಅವನ ತಲೆಗೆ ಹಿಂದಿನಿಂದ ಒಂದು ಮೊಟಕಿದಳು.

ಅವನು ಗಾಡಿಯನ್ನು ನೇರ ಬಸದಿಗೇ ಒಯ್ದ. ಕಾಕು ಮನಸ್ಸಿಟ್ಟು ದರ್ಶನ ಮಾಡಿದಳು, ಪ್ರದಕ್ಷಿಣೆ ಹಾಕಿದಳು, ಕಣ್ಣುಮುಚ್ಚಿ ಬಹಳ ಹೊತ್ತು ಕೂತಳು. ಅವಳ ಭಕ್ತಿಯಲ್ಲಿ ನಾನು ಎಂದೂ ಕೊರತೆ ಕಂಡಿಲ್ಲ. ಹೊರಗೆ ಬಂದಾಗ ಕಾಕಾ ಕಿಸೆಗೆ ಕೈಹಾಕಿದ.

"ಆತಲ್ಲ? ತಗೋ."

"ಇದು ದೇವರ ದರ್ಶನ ಆತು," ಅಂದಳು ಕಾಕು. "ಬಿಜಾಪುರ ಎಲ್ಲೈತಿ?"

"ಅವ್ವಾ, ನಿಯಮದ ಅರ್ಥ ಇದ ಅಲ್ಲೇನು?" ಅಂದ ಬಾಬು.

"ನಿಯಮ ತಗೊಂಡಾಕಿ ಯಾರು?"

"ನೀನು."

"ಹಂಗಾದ್ರ ಅರ್ಥಾನೂ ನಾನ ಹೇಳ್ತೀನಿ. ಗಾಡಿ ತಿರುವು."

ಗೋಳಗುಮ್ಮಟದ ಮೆಟ್ಟಿಲು ನೋಡಿ ಕಾಕಾ ಕೆಳಗೇ ಹುಲ್ಲಿನ ಮೇಲೆ ಕೂತ. ಬಾಬು ಮೂರನೆಯ ಅಂತಸ್ತಿಗೆ ದಣಿದ. ಕಾಕು ಗೋಡೆ ಹಿಡಿದು, ನಿಂತು, ಉಸಿರು ತೆಗೆದುಕೊಂಡು, ಮತ್ತೆ ಏರುತ್ತ ಏಳೂ ಅಂತಸ್ತು ಹತ್ತಿದಳು. ಪಿಸುಮಾತಿನ ಗ್ಯಾಲರಿಯಲ್ಲಿ ಮಂದಿ ಕಿರುಚುತ್ತಿದ್ದರು. ಗದ್ದಲ ತಲೆಯ ಮೇಲೆ ತಿರುಗಿ ತಿರುಗಿ ಬೀಳುತ್ತಿತ್ತು. ಒಬ್ಬ ಗೈಡು ಬಂದ. "ಅಮ್ಮಾ, ಏನಾರ ಕೂಗ್ರಿ. ಏಳ ಸಲ ತಿರುಗಿ ಬರ್ತೈತಿ."

"ಒಮ್ಮೆ ಹೇಳಿದ್ದ ಕೇಳಾವ್ರ ಇಲ್ಲಪ್ಪಾ ನಮ್ಮನ್ಯಾಗ," ಅಂದಳು ಕಾಕು. "ಏಳ ಸಲ ಯಾರಿಗಿ ಹೇಳ್ಲಿ?"

ಒಂದು ತಪ್ಪೊಪ್ಪಿಗೆ. ಈ ಕತೆಯನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ಹೇಳುವಾಗ, ಕಾಕು ಗ್ಯಾಲರಿಯಲ್ಲಿ ನಿಂತು ತನ್ನ ಹೆಸರನ್ನು ತಾನೇ ಕೂಗಿದಳು, 'ಸುಮತಿ' ಎಂಬುದು ಏಳು ಸಲ ಮರಳಿ ಬಂತು ಎಂದು ಸೇರಿಸುತ್ತಿದ್ದೆ. ಕೇಳಿದವರ ಕಣ್ಣು ಒದ್ದೆಯಾಗುತ್ತಿದ್ದವು. ನನ್ನವೂ. ಅವಳು ಕೂಗಲಿಲ್ಲ. ಅವಳಿಗೆ ಅಲ್ಲಿಯ ಗದ್ದಲ ಸೇರಲೇ ಇಲ್ಲ. ಅವಳ ಗಮನವೆಲ್ಲ ಗೋಡೆಯ ಮೇಲಿತ್ತು. ಇಷ್ಟು ದೊಡ್ಡದನ್ನು ಯಾವುದರಿಂದ ಹಿಡಿದು ನಿಲ್ಲಿಸಿದ್ದಾರೆ ಎಂದು ಗೈಡನನ್ನು ಕೇಳಿದಳು. "ಗಾರೆ ಅಮ್ಮಾ. ಸುಣ್ಣದಾಗ ಬೆಲ್ಲ ಕೂಡಿಸಿ ಅರದಾರ ಅಂತಾರ," ಅಂದ ಅವನು. ಹೌದೋ ಅಲ್ಲವೋ ನಾನರಿಯೆ. ಹಳೆಯ ಕಟ್ಟಡ ತೋರಿಸುವವರು ಹೀಗೆ ಹೇಳುವುದುಂಟು. ಕಾಕು ಮಾತ್ರ ಗೋಡೆಗೆ ಅಂಗೈ ಇಟ್ಟಳು. ಗಾಣದಲ್ಲಿ ಬೆಲ್ಲದ ಅಚ್ಚು ಆರಿದೆಯೇ ಎಂದು ನೋಡುವಾಗ ಇಡುವ ಹಾಗೆ.

"ಪಾಕ ಚೊಲೊ ನೋಡ್ಯಾರ," ಅಂದಳು.

ಆಗಷ್ಟೇ ಏದುಸಿರು ಬಿಡುತ್ತ ಮೇಲೆ ಬಂದಿದ್ದ ಬಾಬು ಕೇಳಿದ: "ಗ್ವಾಡಿ ಮುಟ್ಟಿದಿ. ಒಳಗ ಬೆಲ್ಲ ಐತಿ. ನಿಯಮ ಮುರದಂಗ ಆತಿಲ್ಲೋ?"

"ನೆಕ್ಕಿಲ್ಲಲ್ಲೋ ಮಂಗ್ಯಾ," ಅಂದು ಅವಳು ಹೊರಗಿನ ಕಟ್ಟೆಗೆ ನಡೆದಳು. ಅಲ್ಲಿಂದ ಊರು ಕಾಣುತ್ತದೆ. ಮನೆ, ಮರ, ನೀರಿನ ಟಾಕಿ, ಅವುಗಳ ನಡುನಡುವೆ ಗುಮ್ಮಟಗಳು. ಒಂದು, ಎರಡು, ಏಳು, ಒಂಬತ್ತು ಎಂದು ಬೆರಳು ಮಡಿಸುತ್ತ ಹೋದವಳು ನಿಲ್ಲಿಸಿ, ನನ್ನ ಕಡೆ ತಿರುಗಿ, ಬಹಳ ಗಂಭೀರವಾಗಿ ಹೇಳಿದಳು: "ಒಂದ ಗುಮ್ಮಟ, ಒಂದ ತೋಪ ಅಂದಿದ್ರು ನಿಮ್ಮ ಕಾಕಾ."

ಹುಲ್ಲಿನ ಮೇಲೆ ಕೂತು ರೊಟ್ಟಿ ತಿಂದೆವು. ಮಧ್ಯಾಹ್ನ ಬಾರಾಕಮಾನ್ ನೋಡಿದೆವು. ಅದು ಒಬ್ಬ ಬಾದಶಹ ತನಗೆಂದು ಕಟ್ಟಿಸಲು ಹೊರಟು ಮುಗಿಸಲಾಗದೆ ಹೋದ ಗೋರಿ. ಛಾವಣಿಯಿಲ್ಲ, ಬರೀ ಕಮಾನುಗಳು ಆಕಾಶಕ್ಕೆ ಬೆನ್ನು ಕೊಟ್ಟು ನಿಂತಿವೆ. "ಅರ್ಧಕ್ಕ ಬಿಟ್ಟಾನ ನೋಡ ಮಾರಾಯ," ಅಂದ ಕಾಕಾ. "ಬಿಟ್ಟಿಲ್ಲ," ಅಂದಳು ಕಾಕು. "ನಿಂತೈತಿ." ಒಂದೊಂದು ಕಮಾನಿನ ಕೆಳಗೂ ಹೋಗಿ ನಿಂತು ಬಂದಳು. ಬಾಬು ಪದೇ ಪದೇ ಗಡಿಯಾರ ನೋಡುತ್ತಿದ್ದ.

ತೋಪಿನ ಬುರುಜು ಹತ್ತಿದಾಗ ಬಿಸಿಲು ಹಳದಿಯಾಗಿತ್ತು. ತೋಪು ಚಿತ್ರದಲ್ಲಿದ್ದಂತೆಯೇ ಇತ್ತು, ಬಾಯಿಯ ಹತ್ತಿರ ಆನೆಯನ್ನು ನುಂಗುತ್ತಿರುವ ಸಿಂಹದ ಮುಖ. ಕಾಕು ಹತ್ತಿರ ಹೋದಳು. ಅದರ ಮೈಮೇಲೆ ಕೈಯಾಡಿಸಿದಳು, ಬಿಸಿಲಿಗೆ ಕಾದ ಎಮ್ಮೆಯ ಬೆನ್ನಿನ ಮೇಲೆ ಆಡಿಸುವ ಹಾಗೆ. ಸುತ್ತ ಒಂದು 'ಪ್ರದಕ್ಷಿಣೆ' ಹಾಕಿದಳು ಎಂದು ಬರೆಯಹೊರಟಿದ್ದೆ. ಬೇಡ, ಸುತ್ತು ಹಾಕಿದಳು, ಅಷ್ಟೇ. ಆಮೇಲೆ ಬಗ್ಗಿ ಬಾಯೊಳಗೆ ನೋಡಿದಳು. ಯಾರೋ ತಿಂಡಿಯ ಪ್ಲಾಸ್ಟಿಕ್ ಪೊಟ್ಟಣ ಎಸೆದಿದ್ದರು. ಕೈ ಹಾಕಿ ಅದನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಬಾಯಿಯ ಅಗಲವನ್ನು ಗೇಣು ಹಾಕಿ ಅಳೆದಳು.

"ಮಾಸ್ತರು ಖರೇನ ಹೇಳಿದ್ರು," ಅಂದಳು. "ಹನ್ನೆರಡ ವರ್ಷದಾಕಿ ಕೂಡಬಹುದಿತ್ತು. ಆರಾಮ ಕೂಡಬಹುದಿತ್ತು." ಮೊಣಕಾಲು ನೀವಿಕೊಂಡು, "ಈಗ ಮಣಕಾಲ ಮಡಚೂದಿಲ್ಲ," ಅಂದಳು.

ಕಾಕಾ ಅದನ್ನು ಕೇಳಿಸಿಕೊಂಡ. ಟೋಪಿ ಸರಿಮಾಡಿಕೊಳ್ಳಲಿಲ್ಲ, ಎಲ್ಲಿಗೂ ಎದ್ದು ಹೋಗಲಿಲ್ಲ. ಕಿಸೆಯಿಂದ ವಸ್ತ್ರದ ಗಂಟು ತೆಗೆದು ಬಿಚ್ಚಿದ. ಬೆಲ್ಲ ದಿನವಿಡೀ ಮೈಬಿಸಿಗೆ ಮೆತ್ತಗಾಗಿ ಬಟ್ಟೆಗೆ ಹತ್ತಿತ್ತು.

"ನಂದ ತಪ್ಪ ಆತು," ಅಂದ. "ನೀ ಕೇಳಿದ್ದ ಇದನ್ನ. ಇದನ್ನ ನೋಡಿದಿ. ಈಗರ ತಗೋ."

ಕಾಕಾನ ಬಾಯಲ್ಲಿ ಆ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಬಾಬು ಅವಸರ ಮಾಡಿದ: "ತಿನ್ನ ಅವ್ವಾ, ಹೊತ್ತು ಮುಳಗಾಕತ್ತೈತಿ. ಮುಳಗಿತಂದ್ರ ನೀ ಬಾಯಿಗಿ ಏನೂ ಹಾಕೂದಿಲ್ಲ." ಸೂರ್ಯ ಒಂದಾಳೆತ್ತರ ಉಳಿದಿದ್ದ. ನನಗೂ ಕತೆ ಮುಗಿಯಿತು ಅನಿಸಿತು. ಹಿಂದೆ ತೋಪು, ಚಾಚಿದ ಕೈ, ಸಂಜೆಯ ಬೆಳಕು; ಇದಕ್ಕಿಂತ ಚೊಕ್ಕ ಮುಕ್ತಾಯ ಎಲ್ಲಿ ಸಿಗಬೇಕು? ಕಾಕು ಬಾಯಿ ತೆರೆದಳು. ನಾನು ಗುಂಡಿ ಒತ್ತಿದೆ.

"ಅದೇನದು?" ಅಂದಳು ಕಾಕು.

ಪಶ್ಚಿಮಕ್ಕೆ, ಮನೆಗಳ ಆಚೆ, ಸೂರ್ಯನಿಗೆ ಅಡ್ಡವಾಗಿ ಮಿನಾರುಗಳು ನಿಂತಿದ್ದವು.

"ಇಬ್ರಾಹಿಂ ರೋಜಾ," ಅಂದೆ.

"ಅದನ್ನ ನೋಡಿಲ್ಲಲ್ಲ ನಾವು?"

"ಹೋಗೂದ್ರಾಗ ಬಾಗಲಾ ಹಾಕ್ತಾರ," ಬಾಬುವಿನ ದನಿ ಏರಿತು. "ಹಟಾ ಮಾಡಬ್ಯಾಡವ್ವಾ! ಒಂದ ತುಣುಕ ತಿಂದ್ರ ಮುಗೀತೈತಿ!"

"ಅದಕ್ಕ ತಿನ್ನೂದಿಲ್ಲ," ಅಂದಳು ಕಾಕು. "ಮುಗೀತೈತಿ."

ಅವಳು ನಮ್ಮ ಮೂವರ ಕಡೆಗೂ ತಿರುಗಿದಳು.

"ಮೂವತ್ತೆಂಟ ವರ್ಷ ಯಾರಿಗೂ ಗಡಿಬಿಡಿ ಇರ್ಲಿಲ್ಲ. ಇವತ್ತ ಒಂದ ದಿನದಾಗ ಎಲ್ಲಾ ಮುಗಿಸಿ, ನನ್ನ ಬಾಯಾಗ ಬೆಲ್ಲ ಇಟ್ಟು, ಕೈ ತೊಳಕೊಂಡ ಮನಿಗಿ ಹೋಗಬೇಕು ನಿಮಗ. ನಾ ನೋಡಿದ್ದ ಆತು ಅಂತ ನೀವ್ ಹೇಳೂದಲ್ಲ. ನಾ ಹೇಳಬೇಕು. ಬಿಜಾಪುರ ಇನ್ನೂ ಐತಿ."

ಕಾಕಾನ ಕೈ ಚಾಚಿದಲ್ಲೇ ಇತ್ತು. "ಅಂದ್ರ ಮತ್ತ ಬರಬೇಕು?" ಅಂದ.

"ಬರಬೇಕು. ನೀವ ಕರಕೊಂಡ ಬರಬೇಕು."

ಕಾಕಾ ಮೊದಲು ಬೆಲ್ಲವನ್ನು ನೋಡಿದ, ಆಮೇಲೆ ಅವಳನ್ನು. ಅವನಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅವನು ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವ ತನಕ ನಕ್ಕ. ಬೆಲ್ಲವನ್ನು ಮತ್ತೆ ವಸ್ತ್ರದಲ್ಲಿ ಕಟ್ಟಿ ಕಿಸೆಗೆ ಹಾಕಿಕೊಂಡ. ಕಾಕು ಕ್ಯಾನಿನಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು, ಮುಳುಗುತ್ತಿದ್ದ ಸೂರ್ಯನನ್ನು ನೋಡುತ್ತ ಪೂರ್ತಿ ಕುಡಿದು, ಅವತ್ತಿನ ಮಟ್ಟಿಗೆ ಬಾಯಿ ಮುಚ್ಚಿದಳು. ಉಣ್ಣುವುದಕ್ಕಷ್ಟೇ. ಮಾತಿಗಲ್ಲ. ಊರು ಮುಟ್ಟುವ ತನಕ ಮುಂದಿನ ಸಲ ಏನೇನು ನೋಡಬೇಕು ಎಂದು ಹೇಳುತ್ತಲೇ ಇದ್ದಳು.

ಅಂದಿನಿಂದ ಗಾಣದ ಹಂಗಾಮು ಮುಗಿಯುತ್ತಿದ್ದಂತೆ ಪ್ರತಿ ವರ್ಷ ಇಬ್ಬರೂ ಬಿಜಾಪುರಕ್ಕೆ ಹೋಗುತ್ತಾರೆ. ಎರಡನೆಯ ವರ್ಷ ಇಬ್ರಾಹಿಂ ರೋಜಾ ಆಯಿತು. ಅಲ್ಲಿಂದ ಇನ್ನೇನೋ ಕಂಡಿತು. ಒಂದು ವರ್ಷ ಬರೀ ಬಾವಿಗಳು. ಒಂದು ವರ್ಷ ಕೋಟೆಯ ಗೋಡೆಯ ಉದ್ದಕ್ಕೂ ಎಷ್ಟಾಗುತ್ತದೋ ಅಷ್ಟು ನಡಿಗೆ. ಕಾಕಾ ಪ್ರತಿ ಸಲವೂ ಹೊಸ ಬೆಲ್ಲದ ತುಣುಕು ಕಟ್ಟಿಕೊಂಡು ಹೋಗುತ್ತಾನೆ, ಸಂಜೆ ಕೈ ಚಾಚುತ್ತಾನೆ, ಅವಳು ಎಲ್ಲೋ ಬೆರಳು ತೋರಿಸುತ್ತಾಳೆ. ಬಾಬು ಗಾಡಿ ಕೊಡುತ್ತಾನೆ, ತಾನು ಹೋಗುವುದಿಲ್ಲ. ಅವನ ಲೆಕ್ಕದಲ್ಲಿ ಬಸದಿಯ ಮೆಟ್ಟಿಲ ಮೇಲೆಯೇ ಎಲ್ಲ ಮುಗಿದಿದೆ. ಅದೇ ಪುಸ್ತಕದಲ್ಲಿ ಬರಬೇಕು. ಬಸದಿಗೆ ಬರುವ ಹಿರಿಯರ ಕೈಗೆ, 'ಈಕೆ ತೋಪಿಗಾಗಿ ನಿಯಮ ತಗೊಂಡಾಕಿ' ಎಂದು ಅಚ್ಚು ಹಾಕಿಸಿ ಹೇಗೆ ಕೊಡುವುದು ಎಂಬುದು ಅವನ ಚಿಂತೆ. ನಗುತ್ತಾರೆ. ನಗಲಿ. ಆಗಲೂ ನಕ್ಕಿದ್ದರು. ನಗುವವರಿಗೆ ಹೆದರಿ ಅವಳು ಅವತ್ತು ಕೂರಲಿಲ್ಲ. ಇವತ್ತು ನಾನು ಅವಳನ್ನು ಹಿಡಿದು ಕೂಡಿಸಬೇಕೇ?

ಇಷ್ಟು ಬರೆದು ಕಾಕುಗೆ ಫೋನು ಮಾಡಿದೆ. ಬಾಬು ಬಂದಿದ್ದನ್ನು ಹೇಳಿದೆ. ಅವಳಿಗೆ ಎಲ್ಲ ಗೊತ್ತಿತ್ತು.

"ಏನಂತ ಬರೀಲಿ ಕಾಕು?"

"ಇನ್ನೂ ಬಿಜಾಪುರ ನೋಡಿಲ್ಲ ಅಂತ ಬರಿ."

"ಮತ್ತ ಫೋಟೊ? ಕೊಡ್ಲೋ ಬ್ಯಾಡೋ?"

"ಕೊಡು. ನಿಮ್ಮ ಕಾಕಾ ಅದರಾಗ ಚೆಂದ ಕಾಣ್ತಾರ. ಆದ್ರ ಕೆಳಗ ಬರಿ, ಬಾಯಿ ತೆರದದ್ದ ತಿನ್ನಾಕಲ್ಲ, ಮಾತಾಡಾಕ ಅಂತ."

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಗೋಡೆಯಿಂದ ಫೋಟೊ ಇಳಿಸಿದೆ. ಚೌಕಟ್ಟು ಬಿಚ್ಚಿ, ಕೆಳಗಿನ ಬಿಳಿಯ ಅಂಚಿನಲ್ಲಿ ಅವಳು ಹೇಳಿದಂತೆಯೇ ಬರೆದೆ. ಇಷ್ಟು ವರ್ಷ ನೋಡಿದ ಚಿತ್ರ ಬೇರೆಯೇ ಆಗಿ ಕಂಡಿತು. ಅವಳ ಕಣ್ಣು ಬೆಲ್ಲದ ಮೇಲಿಲ್ಲ. ಕಾಕಾನ ಭುಜದ ಆಚೆ, ಚೌಕಟ್ಟಿನ ಹೊರಗೆ ಎಲ್ಲೋ ಇವೆ. ತೆಗೆದವನು ನಾನೇ; ಇಷ್ಟು ದಿನ ಅದನ್ನು ನೋಡಿರಲಿಲ್ಲ.

ಫೋನು ಇನ್ನೂ ಕಿವಿಯಲ್ಲೇ ಇತ್ತು. "ಬೆಲ್ಲ ತಿಂದಿಯೇನು?" ಅಂದಳು ಕಾಕು. ಕಾಗದ ಬಿಡಿಸಿ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡೆ. ಗಟ್ಟಿಯಾಗಿತ್ತು, ಆದರೆ ನಾಲಿಗೆಯ ಮೇಲೆ ಇಟ್ಟೊಡನೆ ಸಡಿಲಾಯಿತು. ಎಲ್ಲೂ ಕಹಿ ಇಲ್ಲ, ಹೊಗೆಯ ಒಂದು ಎಳೆ ಮಾತ್ರ.

"ಭಾಳ ಚೊಲೊ ಆಗೈತಿ ಕಾಕು," ಅಂದೆ.

"ನನಗ ಗೊತ್ತೈತಿ," ಅಂದಳು.